ಗೇಟು ಹಾಕಿದೆ

ಮೇಲಿನ ಮನೆ ಅಂಕಲ್ ಅವರ ಬಲಗೈ ಅಂಚಿನ ಚರ್ಮ ಪೆನ್ಸಿಲ್ ಮಸಿ ಮೆತ್ತಿ ಸದಾ ಕಪ್ಪಗೆ ಹೊಳೆಯುತ್ತಿತ್ತು. ದೋಹಾದ ಆಫೀಸೊಂದರಲ್ಲಿ ಅವರು ಡ್ರಾಫ್ಟ್ಸ್‌ಮನ್. ಹಗಲೆಲ್ಲ ಹೊಸ ಕಟ್ಟಡಗಳ ನಕ್ಷೆ. ಸಂಜೆ ಬಿನ್ ಒಮ್ರಾನ್ ಬಡಾವಣೆಯ ನಮ್ಮ ಬಿಲ್ಡಿಂಗಿಗೆ ಬಂದರೆ ಅರಸೀಕೆರೆಯ ನಕ್ಷೆ. ಅಲ್ಲಿನ ರೈಲ್ವೆ ಗಾರ್ಡ್ ಒಬ್ಬರ ಮಗ ಅವರು; ಊರು ನೋಡಿ ಎಷ್ಟೋ ವರ್ಷವಾಗಿತ್ತು. ನನ್ನ ತವರೂ ಅದೇ ಊರೆಂದು ತಿಳಿದದ್ದೇ ತಡ, ನನಗೆ ಬಿಡುಗಡೆ ಇರಲಿಲ್ಲ.

ನಾನು ರಜೆ ಮುಗಿಸಿ ಬಂದ ದಿನವೇ ರಬ್ಬರ್ ಹಿಡಿದು ಕೂರುತ್ತಿದ್ದರು. "ಈ ಸಲ ಏನೇನು ಹೋಯ್ತಮ್ಮ?" ಸ್ಟೇಷನ್ ರಸ್ತೆಯ ಹೆಂಚಿನ ಹೋಟೆಲಿನ ಜಾಗದಲ್ಲಿ ಮೂರಂತಸ್ತಿನ ಲಾಡ್ಜ್ ಬಂತು, ಬ್ರಿಟಿಷರ ಕಾಲದ ಕಲ್ಲಿನ ಕ್ವಾರ್ಟರ್ಸ್ ಕೆಡವಿದರು, ಮೀಟರ್ ಗೇಜ್ ಹಳಿ ಕಿತ್ತರು. ಹೇಳಿದ್ದನ್ನೆಲ್ಲ ಅಳಿಸುವರು. ಅಳಿಸಿದ ಜಾಗವನ್ನು ಬೆರಳಿನಿಂದ ಸವರುತ್ತಿದ್ದರು. ಆಗಿನ ಅವರ ಮುಖ ನೋಡಲು ನನಗೆ ಭಯ. ಅದಕ್ಕೇ ಅವರ ಮನೆ ಹತ್ತಿರದ ರೈಲ್ವೆ ಗೇಟು ಹೋಗಿ ಮೇಲ್ಸೇತುವೆ ಬಂದದ್ದನ್ನು ಮಾತ್ರ ಮುಚ್ಚಿಟ್ಟೆ.

ಆ ಬೇಸಿಗೆಯ ಒಂದು ಮಧ್ಯಾಹ್ನ ನನ್ನ ಪುಟ್ಟ ಮಗಳಿಗೆ ಉಸಿರು ಕಟ್ಟತೊಡಗಿತು. ಗಂಡ ಕೆಲಸದ ಮೇಲೆ ದೂರ ಹೋಗಿದ್ದರು. ಅಂಕಲ್ ಕಾರು ತೆಗೆದರು. ಆಸ್ಪತ್ರೆಗೆ ಒಂದೇ ತಿರುವು ಬಾಕಿ ಇರುವಾಗ ನಡುರಸ್ತೆಯಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿದರು.

"ಯಾಕಂಕಲ್?"

"ಗೇಟ್ ಹಾಕಿದಾರೆ ಕಣಮ್ಮ."

ಆಗ ಇಡೀ ಕತಾರಿನಲ್ಲಿ ರೈಲೇ ಇರಲಿಲ್ಲ. ಹಿಂದೆ ಲಾರಿಗಳ ಹಾರ್ನ್. ಯಾರೋ ಅರಬ್ಬಿಯಲ್ಲಿ "ಯಲ್ಲಾ! ಯಲ್ಲಾ!", ನಡಿ ನಡಿ, ಎಂದು ಕೂಗುತ್ತಿದ್ದರು. ಮಡಿಲಲ್ಲಿ ಮಗುವಿನ ತುಟಿ ನೀಲಿಗಟ್ಟುತ್ತಿತ್ತು. ಬೈದೆ, ಅತ್ತೆ, ಭುಜ ಹಿಡಿದು ಅಲುಗಾಡಿಸಿದೆ. ಅವರು ಗಾಜಿನಾಚೆ ಕಣ್ಣು ನೆಟ್ಟು ಕುಳಿತೇ ಇದ್ದರು. ಕೊನೆಗೆ ನನ್ನ ಬಾಯಿಗೆ ಬಂದದ್ದು ಊರಿನ ಮಾತು.

"ಗಾಡಿ ಹೋಯ್ತು ಅಂಕಲ್, ಗೇಟ್ ತೆಗೆದ್ರು. ಹೊರಡಿ!"

ಕಾರು ಹೊರಟಿತು. ಮಗಳು ಉಳಿದಳು.

ಆಸ್ಪತ್ರೆಯ ಬೆಂಚಿನ ಮೇಲೆ ಕಾರಿನ ಕೀಲಿಯನ್ನು ನನ್ನ ಕೈಗಿಟ್ಟರು. "ಆಫೀಸಲ್ಲಿ ಗೊತ್ತಾದ್ರೆ ಖಲಾಸ್. ಯಾರಿಗೂ ಹೇಳ್ಬೇಡಮ್ಮ. ಇನ್ನು ಕಾರು ಮುಟ್ಟಲ್ಲ." ಹೇಳಲಿಲ್ಲ. ಗೇಟನ್ನು ನಕ್ಷೆಯಲ್ಲಿ ಉಳಿಸಿದವಳು ನಾನೇ ಎಂಬ ಅಳುಕು ನನಗೂ ಇತ್ತು.

ಮರುವರ್ಷ ಅಂಕಲ್ ಕೆಲಸ ಬಿಟ್ಟು ಆಂಟಿಯೊಂದಿಗೆ ಊರಿಗೆ ಹೋದರು. ಸ್ಟೇಷನ್ನಿನಿಂದ ಹೊರಬಂದು, ಸೇತುವೆ ಕಂಡು, ಹುಟ್ಟಿದ ಬೀದಿಯನ್ನೇ ಗುರುತಿಸಲಾರದೆ ಬಿಸಿಲಲ್ಲಿ ನಿಂತುಬಿಟ್ಟರಂತೆ. ಅವರು ಹಾಸಿಗೆ ಹಿಡಿದ ಮೇಲೆ ಆಂಟಿ ಫೋನ್ ಮಾಡಿದರು. "ಗೇಟ್ ತೆಗೆದ್ರಾ ಅಂತ ಒಂದೇ ಸಮ ಕೇಳ್ತಾರಮ್ಮ. ನಾನು ಹೇಳಿದ್ರೆ ನಂಬಲ್ಲ, ಕೆಳಗಿನ ಮನೆ ಹುಡುಗೀನ ಕೇಳು ಅಂತಾರೆ." ರಿಸೀವರನ್ನು ಅವರ ಕಿವಿಗಿಟ್ಟರು. ಉಸಿರಿನ ಸದ್ದು ಕೇಳಿಸಿತು.

ತೆಗೆದರು ಎಂದರೆ ಹೊರಟೇಬಿಡುತ್ತಾರೆಂದು ಹೆದರಿದೆ.

"ಇನ್ನೂ ಇಲ್ಲ ಅಂಕಲ್. ಸ್ವಲ್ಪ ಕಾಯಿರಿ" ಎಂದೆ.

ಎರಡು ದಿನ ಕಾದರು.