ಅತ್ತೆ ಕಡಲಿಗೆ ಇಳಿದ ಬೆಳಿಗ್ಗೆ

ನನ್ನ ಅತ್ತೆಗೆ ಈಜು ಬರುತ್ತದೆ ಎಂಬುದು ಅವರ ಜೊತೆ ಒಂದೇ ಅಡುಗೆಮನೆಯಲ್ಲಿ ಇಷ್ಟು ವರ್ಷ ರೊಟ್ಟಿ ಬಡಿದ ನನಗೆ ಗೊತ್ತಿರಲಿಲ್ಲ. ನನ್ನ ಮಾತು ಹೋಗಲಿ, ಅವರನ್ನು ಕಟ್ಟಿಕೊಂಡ ಮಾವನವರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ. ಇಳಕಲ್ಲಿನ ನಮ್ಮ ಓಣಿಯಲ್ಲಿ ನೀರೆಂದರೆ ನಳದಲ್ಲಿ ಬರುವ ನೀರು. ಅದು ಬಂದ ದಿನ ಕೊಡ, ಬಕೀಟು, ಬ್ಯಾರಲ್ಲು ತುಂಬಿಸಿಟ್ಟುಕೊಂಡರೆ ಮುಗಿಯಿತು.

ನನಗಂತೂ ನೀರಿನ ಭಯ ಚಿಕ್ಕಂದಿನದು. ನನ್ನ ತವರು ಬಾದಾಮಿ. ಹೊಂಡದ ಮೆಟ್ಟಿಲ ಮೇಲೆ ಅವ್ವನ ಪಕ್ಕದಲ್ಲಿ ಕೂತು ಬಟ್ಟೆ ಒಗೆದು ಬೆಳೆದವಳು ನಾನು. ಪಾದ ಮುಳುಗುವ ಮೆಟ್ಟಿಲಿನಿಂದ ಕೆಳಗೆ ಇಳಿಯಕೂಡದೆಂದು ಅವ್ವನ ಕಟ್ಟಪ್ಪಣೆ. ಆ ಹಸಿರು ನೀರಿನ ಅಡಿಯಲ್ಲಿ ಇನ್ನೆಷ್ಟು ಮೆಟ್ಟಿಲಿವೆಯೋ ಕಂಡವರಿಲ್ಲ ಎನ್ನುತ್ತಿದ್ದಳು. ಕೋತಿಗಳು ಸೀರೆ ಎಳೆದುಕೊಂಡು ಹೋದರೂ ಬೆನ್ನತ್ತುತ್ತಿದ್ದೆ. ಕೈಜಾರಿ ನೀರಿಗೆ ಬಿದ್ದ ಸಾಬೂನು ಮಾತ್ರ ಹೋದರೆ ಹೋಯಿತು.

ಸಮುದ್ರ ನೋಡಿ ಬರೋಣ ಎಂದು ಹೊರಡಿಸಿದವರು ನನ್ನ ಗಂಡ. ಮನೆಯ ಹಿಂದೆ ನಮ್ಮದು ಪವರ್‌ಲೂಮ್ ಇದೆ. ಮಾವ ಕುಣಿಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತು ಕೈಯಿಂದ ಸೀರೆ ನೇಯ್ದವರು, ಅತ್ತೆ ಅವರಿಗೆ ನೂಲು ಸುತ್ತಿ ಕೊಟ್ಟವರು. ಇಬ್ಬರೂ ಮದುವೆ, ಮುಂಜಿವೆ, ಬನಶಂಕರಿ ಜಾತ್ರೆ, ಅತ್ತೆಯ ತವರು ಬಿಟ್ಟರೆ ಊರು ಬಿಟ್ಟು ಹೋದವರಲ್ಲ. ಡಿಸೆಂಬರ್ ಕೊನೆಗೆ ಮಗಳ ಶಾಲೆಗೆ ರಜೆ ಬಿದ್ದಿತು. ಮಗ್ಗ ಒಂದು ವಾರ ನಿಂತರೆ ಯಾರೂ ಬರಿಮೈಯಲ್ಲಿ ತಿರುಗುವುದಿಲ್ಲ ಎಂದು ಗಂಡ ಗೆಳೆಯನ ಕಾರು ಕೇಳಿ ತಂದರು.

"ಸಮುದ್ರದಾಗ ನೋಡೂದೇನೈತಿ? ನೀರೈತಿ," ಎಂದರು ಮಾವ.

ಅತ್ತೆ ಮರುದಿನವೇ ಖಡಕ್ ರೊಟ್ಟಿ ಮಾಡಿ ಒಣಗಿಸಲು ಶುರುಮಾಡಿದರು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಿದರು. ಟ್ರಂಕಿನಿಂದ ತಮ್ಮ ಹಳೆಯ ಸೀರೆಗಳನ್ನು ತೆಗೆದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಮೆತ್ತಗಾದ ಒಂದು ಹತ್ತಿ ಸೀರೆಯನ್ನು ಬೇರೆ ಇಟ್ಟುಕೊಂಡರು. ಪ್ರಯಾಣದಲ್ಲಿ ಹಾಸಲು ಇರಬೇಕು ಅಂದುಕೊಂಡೆ.

ನಸುಕಿನಲ್ಲಿ ಹೊರಟೆವು. ಕಮತಗಿ ದಾಟುವಾಗ ಬೆಳಕು ಹರಿಯಿತು. ಕೆರೂರಿನಲ್ಲಿ ಚುರುಮುರಿಯ ಸೂಸಲ, ಮಿರ್ಚಿ ತಿಂದು ಚಹಾ ಕುಡಿದೆವು. ಹುಬ್ಬಳ್ಳಿ ಬಿಟ್ಟು ಯಲ್ಲಾಪುರ ದಾಟಿದ ಮೇಲೆ ಘಟ್ಟದ ತಿರುವುಗಳಲ್ಲಿ ಮಗಳಿಗೆ ವಾಂತಿ ಬಂತು. ಅವಳನ್ನು ಸಂಭಾಳಿಸುವುದರಲ್ಲಿ ನಾನು ಕಾಡನ್ನೇ ನೋಡಲಿಲ್ಲ. ಕಣ್ಣೆತ್ತಿದಾಗ ಸೆಕೆ, ತೆಂಗಿನ ಮರ, ಮೀನಿನ ವಾಸನೆ. ಮಾವ ಮೂಗಿಗೆ ಟವೆಲ್ಲು ಹಿಡಿದರು. ನಾವು ಇಳಿದುಕೊಂಡದ್ದು ಕುಮಟಾ ಹತ್ತಿರ, ಬಾಡಿಗೆಗೆ ಕೋಣೆ ಕೊಡುವ ಒಂದು ಮನೆಯಲ್ಲಿ. ಹಿತ್ತಲ ಬಾಗಿಲು ತೆರೆದರೆ ಮರಳು, ಮರಳಿನಾಚೆ ಕಡಲು.

ಆ ಸಂಜೆ ಎಲ್ಲರೂ ಪಾದ ನೆನೆಯುವಷ್ಟು ನೀರಿನಲ್ಲಿ ನಿಂತೆವು. ಅಲೆ ಹಿಂದೆ ಸರಿಯುವಾಗ ಕಾಲ ಕೆಳಗಿನ ಮರಳು ಜಾರಿತು. ನಾನು ಗಂಡನ ಅಂಗಿ ಹಿಡಿದುಕೊಂಡೆ. ಅತ್ತೆ ಬೊಗಸೆಯಲ್ಲಿ ನೀರು ಎತ್ತಿ ನಾಲಿಗೆಗೆ ಹಚ್ಚಿ, ಖರೇನೇ ಉಪ್ಪು ಐತಿ ಅಂದರು. ಮನೆಗೆ ಬಂದವರು ಮನೆಯೊಡತಿಯ ಹತ್ತಿರ ಕೂತು, ಇಲ್ಲಿ ಸೆಳವು ಯಾವ ಕಡೆ, ಕಲ್ಲು ಎಲ್ಲಿವೆ, ನೀರು ಏರುವುದು ಯಾವಾಗ ಎಂದೆಲ್ಲ ವಿಚಾರಿಸಿದರು. ಎದುರಿನ ದಂಡೆಯಲ್ಲಿ ಚಳಿಗಾಲದಲ್ಲಿ ಭಯವಿಲ್ಲ, ಬಲಗಡೆಯ ಬಂಡೆಗಳ ಕಡೆ ಮಾತ್ರ ಹೋಗಬಾರದು ಎಂದು ಆಕೆ ಹೇಳಿದಳು. ಮೊಮ್ಮಗಳ ಚಿಂತೆಗೆ ಕೇಳುತ್ತಿದ್ದಾರೆಂದು ನಾನು ತಿಳಿದೆ.

ಮರುದಿನ ಬೆಳಿಗ್ಗೆ ನಾವು ದಂಡೆಗೆ ಹೋದಾಗ ಬಿಸಿಲು ಇನ್ನೂ ಎಳೆಯದು. ನೀರು ತಣ್ಣಗಿತ್ತು, ಅಲೆ ಸಣ್ಣವಿದ್ದವು. ಮಗಳು ಮತ್ತು ನಾನು ಕಪ್ಪೆಚಿಪ್ಪು ಆರಿಸುತ್ತಿದ್ದೆವು. ಅತ್ತೆ ಆ ಮೆತ್ತನೆಯ ಸೀರೆ ಉಟ್ಟು ಬಂದರು. ಮಾವನ ಕೈಗೆ ತಮ್ಮ ಚಪ್ಪಲಿ ಕೊಟ್ಟರು. ಸೆರಗನ್ನು ಸೊಂಟಕ್ಕೆ ಬಿಗಿದು, ನಿರಿಗೆಯನ್ನು ಕಾಲ ಮಧ್ಯದಿಂದ ಹಿಂದಕ್ಕೆ ಸಿಕ್ಕಿಸಿ ಕಚ್ಚೆ ಹಾಕಿದರು. ನೆಟ್ಟಗೆ ನೀರಿಗೆ ನಡೆದರು. ಮೊಣಕಾಲು, ಸೊಂಟ, ಎದೆ. ಒಂದು ಅಲೆ ಬಂತು. ಅತ್ತೆ ಕಾಣಲಿಲ್ಲ.

ಮಾವ ಕೂಗಿದರು. ನಾನು ಚಿಪ್ಪು ಬಿಟ್ಟು ಎದ್ದೆ. ಅಷ್ಟರಲ್ಲಿ ಅಲೆಯ ಆಚೆ ಅವರ ತಲೆ ಎದ್ದಿತು. ನಂತರ ಒಂದು ಕೈ, ಇನ್ನೊಂದು ಕೈ. ಅವರು ಮುಳುಗುತ್ತಿಲ್ಲ, ಹೋಗುತ್ತಿದ್ದಾರೆ ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ದಂಡೆ ಕಾಯುವವನೊಬ್ಬ ಸೀಟಿ ಊದುತ್ತ ಓಡಿಬಂದ. ಮಾವ ಧೋತರದಲ್ಲೇ ನೀರಿಗೆ ಹೊರಟಿದ್ದರು, ಚಪ್ಪಲಿ ಇನ್ನೂ ಕೈಯಲ್ಲೇ ಇತ್ತು. ಗಂಡ ಅವರನ್ನು ಹಿಡಿದು ನಿಲ್ಲಿಸಿದರು. ಕಾಯುವವನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ ಸೀಟಿ ಕೆಳಗಿಳಿಸಿದ. ಅಜ್ಜಿಗೆ ಒಳ್ಳೆಯ ಈಜು ಗೊತ್ತಿದೆ, ಗಾಬರಿ ಬೇಡ ಎಂದ. ಆದರೂ ಸೊಂಟಮಟ್ಟದ ನೀರಿನಲ್ಲಿ ನಿಂತು, ಇನ್ನು ಮುಂದೆ ಹೋಗಬೇಡಿರೆಂದು ಕೈಬೀಸಿ ಕರೆದ.

ಅತ್ತೆ ತಿರುಗಿದರು. ಬರುವಾಗ ಅವಸರ ಮಾಡಲಿಲ್ಲ. ಒಂದು ಕಡೆ ಅಂಗಾತ ಮಲಗಿ ಆಕಾಶ ನೋಡಿದರು. ಅಲೆ ಅವರನ್ನು ಎತ್ತಿ ಇಳಿಸಿತು. ದಂಡೆ ಹತ್ತಿದಾಗ ಕೂದಲು ಬಿಚ್ಚಿ ಬೆನ್ನಿಗೆ ಅಂಟಿತ್ತು, ಉಸಿರು ಜೋರಾಗಿತ್ತು. ನಾನು ಆ ಮುಖವನ್ನು ಹಿಂದೆಂದೂ ನೋಡಿರಲಿಲ್ಲ.

ಮಾವ ಅವರ ಎದುರು ನಿಂತರು.

"ನಿನಗ ಈಜಾಕ ಬರತೈತೇನು?"

"ಬರತೈತ್ರಿ."

"ಒಂದ ದಿನಾನೂ ಹೇಳಲಿಲ್ಲ."

"ನೀವು ಕೇಳಲಿಲ್ಲ. ಹೇಳಿದ್ರ ಇಳಕಲ್ಲಾಗ ಎಲ್ಲಿ ಈಜಬೇಕಿತ್ತು, ಕೊಡದಾಗೇನ್ರಿ?"

ನನ್ನ ಗಂಡ ನಕ್ಕುಬಿಟ್ಟರು. ಮಾವ ನಗಲಿಲ್ಲ. ಚಪ್ಪಲಿ ಮರಳ ಮೇಲೆ ಇಟ್ಟು ಕೋಣೆಗೆ ಹೋದರು.

ಸೀರೆ ಬದಲಿಸಿ ಬಂದು ತೆಂಗಿನ ನೆರಳಲ್ಲಿ ಕೂತು, ರೊಟ್ಟಿ ಮುರಿದು ಚಟ್ನಿ ಹಚ್ಚಿಕೊಂಡು ತಿನ್ನುತ್ತ ಅತ್ತೆ ನನಗೆ ಹೇಳಿದರು. ಅವರ ತವರು ಕಲಾದಗಿ. ಘಟಪ್ರಭೆಯ ಆಚೆ ದಂಡೆಯಲ್ಲಿ ಅವರ ಅಪ್ಪನಿಗೆ ಚಿಕ್ಕು, ಪೇರಲ ಗಿಡಗಳ ಒಂದು ತುಂಡು ತೋಟವಿತ್ತು. ಅಣ್ಣಂದಿರು ಈಜಿಕೊಂಡು ಹೋಗಿ ಬರುತ್ತಿದ್ದರು. ತಾನೂ ಬರುತ್ತೇನೆಂದು ಹಟ ಹಿಡಿದಾಗ ದೊಡ್ಡಣ್ಣ ಒಣಗಿದ ಸೋರೆ ಬುರುಡೆ ಸೊಂಟಕ್ಕೆ ಕಟ್ಟಿ ನೀರಿಗೆ ಬಿಟ್ಟ. ಆ ಬೇಸಿಗೆಯೊಳಗೇ ಬುರುಡೆ ಬೇಡವಾಯಿತು. ತಲೆಯ ಮೇಲೆ ಅಪ್ಪನ ಬುತ್ತಿಯ ಗಂಟು ಕಟ್ಟಿಕೊಂಡು, ಗಂಟು ನೆನೆಯದಂತೆ ಹೊಳೆ ದಾಟುತ್ತಿದ್ದರಂತೆ. ಓಣಿಯ ಹೆಣ್ಣುಮಕ್ಕಳು ದಂಡೆಯಲ್ಲಿ ನಿಂತು ನೋಡುತ್ತಿದ್ದರಂತೆ.

ಇಳಕಲ್ಲಿನಿಂದ ಹೆಣ್ಣು ನೋಡಲು ಬರುವ ಸುದ್ದಿ ಬಂದಾಗ ಅವರ ಅವ್ವ ಪಕ್ಕಕ್ಕೆ ಕರೆದು ಹೇಳಿದ್ದಳು: ಅಡುಗೆ ಬರುತ್ತದೆ ಅನ್ನು, ಕಸೂತಿ ಬರುತ್ತದೆ ಅನ್ನು, ಹೊಳೆಯ ಮಾತು ಮಾತ್ರ ತೆಗೆಯಬೇಡ, ಗಂಡಸರಂತೆ ಈಜುವವಳನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ. ತೆಗೆಯಲಿಲ್ಲ. ಮದುವೆಯಾಯಿತು, ಮಗ್ಗದ ಮನೆ, ಮಕ್ಕಳು, ಆಮೇಲೆ ಅದು ಹೇಳುವಂಥ ಮಾತು ಎಂದೂ ಅನ್ನಿಸಲಿಲ್ಲ. ತವರಿಗೆ ಹೋದಾಗ ಹೊಳೆ ನೋಡಿ ಬರುತ್ತಿದ್ದರು, ಅಷ್ಟೆ.

"ಮರತಿರಬೇಕು ಅಂತ ತಿಳಕೊಂಡಿದ್ದೆ ನೋಡವಾ. ಕಾಲು ನೆಲಾ ಬಿಟ್ಟ ಕೂಡ್ಲೆ ಎಲ್ಲಾ ನೆನಪಾತು," ಎಂದರು.

ದುಃಖದಿಂದ ಹೇಳಿದ್ದಲ್ಲ. ಹಾಗೆ ಹೇಳಿ ಇನ್ನೊಂದು ರೊಟ್ಟಿ ತೆಗೆದುಕೊಂಡರು. ಉಪ್ಪು ನೀರಿಗೆ ಹಸಿವು ಜಾಸ್ತಿ ಎಂದರು.

ಮಾವನ ಸಿಟ್ಟು ಮಧ್ಯಾಹ್ನದ ಊಟದವರೆಗೂ ಇತ್ತು. ಅದು ಸಿಟ್ಟಲ್ಲ, ಹೆದರಿಕೆ ಇಳಿಯಲು ಹೊತ್ತು ಹಿಡಿಯಿತು ಎಂದು ಈಗ ಅನ್ನಿಸುತ್ತದೆ. ಊಟಕ್ಕೆ ಕೂತಾಗ ಯಾರ ಮುಖವನ್ನೂ ನೋಡದೆ, ಹೊಳೆ ಎಷ್ಟು ಅಗಲ ಇತ್ತು ಎಂದು ಕೇಳಿದರು. ಅತ್ತೆ ಹೇಳಿದರು. ಮಳೆಗಾಲದಲ್ಲಿಯೂ ದಾಟುತ್ತಿದ್ದೆಯಾ ಎಂದು ಕೇಳಿದರು. ಮಳೆಗಾಲದಲ್ಲಿ ಅಪ್ಪ ಬಿಡುತ್ತಿರಲಿಲ್ಲ, ಒಂದು ಸಲ ಮಾತ್ರ ಕಣ್ಣು ತಪ್ಪಿಸಿ ದಾಟಿದ್ದೆ ಎಂದರು ಅತ್ತೆ. ಮಾವ ತಲೆಯಾಡಿಸಿ ಇನ್ನಷ್ಟು ಅನ್ನ ಹಾಕಿಸಿಕೊಂಡರು. ಅದೇ ಸಂಜೆ ಅತ್ತೆ ಮತ್ತೆ ನೀರಿಗಿಳಿದಾಗ, ದಂಡೆಯಲ್ಲಿ ನಿಂತು ನೋಡುತ್ತಿದ್ದ ಯಾರೋ ಅಪರಿಚಿತ ದಂಪತಿಗೆ ಮಾವ ತಾವಾಗಿಯೇ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

"ನಮ್ಮ ಮನಿಯಾಕಿರೀ ಅಕಿ. ಕಲಾದಗಿಯಾಕಿ. ಹೊಳಿ ದಾಟಿದಾಕಿ."

ಅಲ್ಲಿಂದ ನಮ್ಮ ಪ್ರವಾಸದ ದಾರಿಯೇ ಬದಲಾಯಿತು. ಗಂಡ ಗುಡಿಗಳನ್ನು ನೋಡುವ ಲೆಕ್ಕ ಹಾಕಿಕೊಂಡು ಬಂದಿದ್ದರು. ಈಗ ಕಾರು ನಿಂತಲ್ಲೆಲ್ಲ ಅತ್ತೆ ಮೊದಲು ನೀರು ನೋಡುತ್ತಿದ್ದರು. ಗೋಕರ್ಣದಲ್ಲಿ ದೇವರ ದರ್ಶನ ಮುಗಿಸಿ ಓಂ ಬೀಚಿಗೆ ಹೋದೆವು. ಅಲ್ಲಿ ಕಲ್ಲು ಜಾಸ್ತಿ ಎಂದು ಅತ್ತೆ ಇಳಿಯಲಿಲ್ಲ, ಬಂಡೆಯ ಮೇಲೆ ಕೂತು ಎಳನೀರು ಕುಡಿದರು. ಮುರುಡೇಶ್ವರದಲ್ಲಿ ಜನ ಬಹಳ ಎಂದು ಮುಖ ಸಣ್ಣ ಮಾಡಿದರು. ಹೊನ್ನಾವರದ ಹತ್ತಿರ ಕಾಸರಕೋಡಿನ ದಂಡೆ ಅವರಿಗೆ ಒಪ್ಪಿಗೆಯಾಯಿತು. ಅಗಲವಾದ ಮರಳು, ಹಿಂದೆ ಗಾಳಿಮರಗಳ ಸಾಲು, ಬಿಸಿಲಿಗೆ ಬೆಚ್ಚಗಾದ ನೀರು.

ಅಲ್ಲಿಯೇ ಅವರು ನನ್ನ ಕೈ ಹಿಡಿದು ಎಳೆದದ್ದು. ನಾನು ಬರುವುದಿಲ್ಲ ಎಂದೆ. ಚೂಡಿದಾರ ಒದ್ದೆಯಾಗುತ್ತದೆ ಎಂದೆ. ಕೊನೆಗೆ ಬಾದಾಮಿಯ ಹೊಂಡದ ಮಾತನ್ನೂ ಎತ್ತಿದೆ. ಅತ್ತೆ ಎಲ್ಲ ಕೇಳಿಸಿಕೊಂಡರು, ಕೈ ಬಿಡಲಿಲ್ಲ. ಸೊಂಟಮಟ್ಟದ ನೀರಿನಲ್ಲಿ ನನ್ನನ್ನು ಅಂಗಾತ ಮಲಗಿಸಿ ಬೆನ್ನಿನ ಕೆಳಗೆ ಎರಡೂ ಅಂಗೈ ಇಟ್ಟರು. ಮೊದಲ ಸಲ ಮಡಚಿಕೊಂಡು ಕುಸಿದೆ, ಮೂಗಿನೊಳಗೆ ಉಪ್ಪು ನೀರು ಹೋಗಿ ಕಣ್ಣು ಉರಿಯಿತು. ಎರಡನೆಯ ಸಲವೂ ಅದೇ. ಮಗಳು ದಂಡೆಯಲ್ಲಿ ಕುಣಿದಾಡಿ ನಗುತ್ತಿದ್ದಳು.

"ಕುತಿಗಿ ಸಡ್ಲ ಬಿಡು. ಕಿವ್ಯಾಗ ನೀರು ಹೋದ್ರ ಹೋಗಲಿ. ನಾ ಹಿಡದೀನಿ," ಎಂದರು ಅತ್ತೆ.

ಕುತ್ತಿಗೆ ಬಿಟ್ಟೆ. ಕಿವಿ ಮುಳುಗಿತು. ದಂಡೆಯ ಗದ್ದಲ ನಿಂತಿತು. ನನ್ನದೇ ಉಸಿರು ಕೇಳಿಸಿತು. ಬಿಸಿಲು ರೆಪ್ಪೆಯ ಮೇಲೆ ಕೆಂಪಾಗಿ ಕೂತಿತ್ತು. ಮೈ ಏರಿತು, ಇಳಿಯಿತು. ಎಷ್ಟೋ ಹೊತ್ತಿನ ಮೇಲೆ ಕಣ್ಣು ತೆರೆದರೆ ಅತ್ತೆ ಒಂದು ಮಾರು ದೂರದಲ್ಲಿ ನಿಂತು ತಮ್ಮ ಒದ್ದೆ ಕೂದಲನ್ನು ಗಂಟು ಕಟ್ಟಿಕೊಳ್ಳುತ್ತಿದ್ದರು. ಬೆನ್ನಿನ ಕೆಳಗೆ ಕೈ ಇರಲಿಲ್ಲ. ಅದು ಗೊತ್ತಾದ ಕ್ಷಣವೇ ಮುಳುಗಿದೆ. ಆದರೂ ಎದ್ದು ಕೆಮ್ಮುತ್ತ, ಮತ್ತೊಮ್ಮೆ ಮಲಗುತ್ತೇನೆ ಎಂದವಳು ನಾನೇ.

ಊರಿಗೆ ಹೊರಡಬೇಕಾದ ದಿನ ಬೆಳಿಗ್ಗೆ, ಕುಮಟಾದ ಅದೇ ಮನೆಯ ಮುಂದೆ ಚೀಲಗಳನ್ನು ಕಾರಿಗೆ ತುಂಬುತ್ತಿದ್ದೆವು. ಮಾವ ಹಿತ್ತಲ ಕಟ್ಟೆಯ ಮೇಲೆ ಕೂತವರು ಏಳಲೇ ಇಲ್ಲ. ಗಂಡ ಹೋಗಿ, ಬಿಸಿಲು ಏರುವ ಮೊದಲು ಘಟ್ಟ ಹತ್ತಬೇಕು ಎಂದರು. ಮಾವ ನೀರಿನ ಕಡೆಯೇ ನೋಡುತ್ತಿದ್ದರು.

"ಇನ್ನೊಂದು ದಿನ ಇದ್ರ ಏನಾಗತೈತಿ?"

ಗಂಡ ನನ್ನ ಮುಖ ನೋಡಿದರು. ನಾನು ಚೀಲಗಳನ್ನು ಇಳಿಸಲು ಶುರುಮಾಡಿದೆ.

ಆ ದಿನ ನಾವು ಎಲ್ಲಿಗೂ ಹೋಗಲಿಲ್ಲ. ಮಧ್ಯಾಹ್ನ ತೆಂಗಿನ ಕೆಳಗೆ ಚಾಪೆ ಹಾಸಿ ಮಲಗಿದೆವು. ಬಿಸಿಲು ಇಳಿದ ಮೇಲೆ ಮಾವ ಧೋತರ ಮೇಲಕ್ಕೆ ಕಟ್ಟಿ, ಕನ್ನಡಕವನ್ನು ನನ್ನ ಕೈಗೆ ಕೊಟ್ಟು, ಅತ್ತೆಯ ಮಣಿಕಟ್ಟು ಹಿಡಿದುಕೊಂಡು ನೀರಿಗೆ ನಡೆದರು. ನಾವೆಲ್ಲ ನೋಡುತ್ತಿರುವಾಗ ಆ ಮನುಷ್ಯ ಹೆಂಡತಿಯ ಕೈ ಹಿಡಿದದ್ದನ್ನು ನಾನು ಮೊದಲ ಸಲ ಕಂಡೆ. ಮೊದಲ ಅಲೆಗೆ ಇಬ್ಬರೂ ತಿರುಗಿ ಬೆನ್ನು ಕೊಟ್ಟರು. ಎರಡನೆಯದು ಮಾವನನ್ನು ಮರಳಿನ ಮೇಲೆ ಕೂರಿಸಿಬಿಟ್ಟಿತು. ಅವರು ಏಳುವ ಗೋಜಿಗೆ ಹೋಗದೆ ಅಲ್ಲೇ ಕೂತರು; ಅತ್ತೆಯೂ ಪಕ್ಕದಲ್ಲಿ ಕೂತರು. ನೀರು ಬಂದು ಎದೆಯವರೆಗೂ ಏರಿ ಹೋಗುತ್ತಿತ್ತು. ಏನು ಮಾತಾಡುತ್ತಿದ್ದರೋ ಕೇಳಿಸಲಿಲ್ಲ. ನಡುನಡುವೆ ಮಾವನ ನಗು ಮಾತ್ರ ಕೇಳಿಸುತ್ತಿತ್ತು.

ಮಗಳು ಓಡಿಹೋಗಿ ಅವರಿಬ್ಬರ ಮಧ್ಯೆ ಕೂತಳು. ನಾನೂ ನನ್ನ ಗಂಡನೂ ಟವೆಲ್ಲು ಹಿಡಿದು ಕಾಯ್ದೆವು, ಕರೆಯಲಿಲ್ಲ. ತಂದ ರೊಟ್ಟಿ ತೀರಿದ್ದವು. ಆ ಹೊತ್ತು ಮನೆಯೊಡತಿ ಬಿಸಿ ಅನ್ನಕ್ಕೆ ಕೋಕಂ ಸಾರು ಮಾಡಿಟ್ಟಿದ್ದಳು. ಎಲ್ಲರೂ ಎರಡೆರಡು ಸಲ ಬಡಿಸಿಕೊಂಡು ಉಂಡೆವು.