ಭಾವ ಬಿಚ್ಚಿದ ಹೆಡ್‌ಫೋನುಗಳು

ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಕೈಗೆ ಸಿಕ್ಕ ಹೆಡ್‌ಫೋನನ್ನು ಬಿಚ್ಚದೆ ಬಿಟ್ಟವರಲ್ಲ. ಹೊಸದಾಗಲಿ ಹಳೆಯದಾಗಲಿ, ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಮಾಡಿದವನಿಗೆ ತಲೇನೂ ಇಲ್ಲ, ಕಿವೀನೂ ಇಲ್ಲ" ಎಂದು ತೀರ್ಪು ಕೊಡುತ್ತಿದ್ದರು. ತಲೆಯ ವಿಷಯದಲ್ಲಿ ಅವರು ಹೇಳಿದ್ದು ಬಹಳ ಸಲ ನಿಜ. ಕಿವಿಯ ಮಾತು ಬೇರೆ.

ಭಾವನ ದುಡಿಮೆ ಪಾತ್ರೆ ಕಾರ್ಖಾನೆಯಲ್ಲಿ. ಸ್ಟೀಲಿನ ಹಾಳೆಯನ್ನು ತಟ್ಟೆಯಾಗಿ ಒತ್ತುವ ಪ್ರೆಸ್ಸಿನ ಮುಂದೆ ಮದುವೆಗೆ ಮುಂಚಿನಿಂದಲೂ ನಿಂತವರು. ಆ ಗದ್ದಲದಲ್ಲಿ ಮಾತೆಲ್ಲ ಕೈಸನ್ನೆಯಲ್ಲೇ. ರಜೆಯ ದಿನ ಬಂತೆಂದರೆ ಕೆಳಗಿನ ಮನೆಯ ಕಿಟಕಿ ಪಕ್ಕದ ಮೇಜಿಗೆ ಅಂಟಿಕೊಂಡುಬಿಡುತ್ತಿದ್ದರು. ನಾವು ಮಹಡಿಯ ಮೇಲಿನವರು ಇಳಿದಾಗ ಹತ್ತಿದಾಗಲೆಲ್ಲ ಅವರ ಬಗ್ಗಿದ ಬೆನ್ನು ಕಾಣುತ್ತಿತ್ತು. ತಲೆಯನ್ನು ಇಕ್ಕಳದ ಹಾಗೆ ಹಿಡಿಯುವ ಹೆಡ್‌ಫೋನಾದರೆ ಅದರ ಪಟ್ಟಿಯನ್ನು ಅಗಲವಾದ ಬಿಸ್ಕತ್ ಡಬ್ಬಕ್ಕೆ ಸಿಕ್ಕಿಸಿ ಹಿಗ್ಗಲು ಬಿಡುತ್ತಿದ್ದರು. ಕಿವಿಯ ಮೇಲೆ ಕೂರುವ, ಸಿಪ್ಪೆ ಏಳುವ ಪ್ಯಾಡನ್ನು ಕಿತ್ತು, ಹಳೆಯ ಮಖಮಲ್ಲಿನ ಬಟ್ಟೆಯಲ್ಲಿ ಹೊಸದು ಹೊಲಿದು, ಒಳಗೆ ಸ್ಪಂಜಿನ ಚೂರು ತುಂಬುತ್ತಿದ್ದರು. ಹಾಕಿಕೊಂಡರೆ ತಲೆಯ ಮೇಲೆ ಏನಾದರೂ ಇದೆ ಅನ್ನುವುದೇ ಮರೆತುಹೋಗಬೇಕು. ಇದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಈ ಮಾತಿಗೆ ನಾನು ಎಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಪ್ಯಾಡಿನ ಅಡಿಯಲ್ಲಿ, ಸ್ಪೀಕರಿನ ಬಾಯಿಗೆ, ತೆಳುವಾದ ಬಟ್ಟೆಯ ಬಿಲ್ಲೆಯೊಂದನ್ನು ಅಂಟಿಸಿರುತ್ತಾರೆ. ಹಾಡಿನ ಚೂಪನ್ನು ಸ್ವಲ್ಪ ತಡೆಯುವುದಕ್ಕೆ ಅದು. ಭಾವನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಹಾಡು ಅಂತಾರೆ, ಬಾಯಿಗೆ ಬಟ್ಟೆ ತುರುಕ್ತಾರೆ" ಎನ್ನುತ್ತಾ ಬ್ಲೇಡಿನಿಂದ ಎಬ್ಬಿಸಿ ಎಸೆದುಬಿಡುತ್ತಿದ್ದರು. ಆಮೇಲೆ ತಾವೇ ಹಾಕಿಕೊಂಡು, ಕಣ್ಣು ಮುಚ್ಚಿ ಕೇಳಿ, "ಈಗ ನೋಡಮ್ಮ, ಕೊಳೆ ತೊಳೆದ ಹಾಗಾಯ್ತು" ಎಂದು ನನಗೆ ಹೇಳುತ್ತಿದ್ದರು.

ಇದನ್ನು ಮೊದಲು ಅನುಭವಿಸಿದವಳು, ತನ್ನದೊಂದನ್ನು ರಿಪೇರಿಗೆ ಕೊಟ್ಟಿದ್ದ ಎದುರುಮನೆಯ ಟೈಲರಮ್ಮ. ಮಾರನೇ ದಿನವೇ, ಭಾವ ಕೆಲಸಕ್ಕೆ ಹೋದದ್ದು ನೋಡಿಕೊಂಡು, ಹೆಡ್‌ಫೋನ್ ಹಿಡಿದು ಬಂದಳು. "ಮೆತ್ತಗೇನೋ ಇದೆ ಕಣ್ರೀ. ಆದ್ರೆ ಹಾಡು ಹಾಕಿದ್ರೆ ಕಿವಿಗೆ ಸೂಜಿ ಚುಚ್ಚಿದ ಹಾಗಾಗುತ್ತೆ" ಎಂದಳು. ಭಾವನ ಹೆಂಡತಿ, ನಾನು ಅಕ್ಕ ಎಂದು ಕರೆಯುವವಳು, ಅದನ್ನು ಹಾಕಿ ನೋಡಿ ಮುಖ ಕಿವುಚಿದಳು. ಅಕ್ಕ ಮೇಜಿನ ಕೆಳಗೆ ಬಿದ್ದಿದ್ದ ಬಿಲ್ಲೆಗಳನ್ನು ಹುಡುಕಿ, ಪ್ಯಾಡು ಎತ್ತಿ ಮತ್ತೆ ಅಂಟಿಸಿಕೊಟ್ಟಳು. ಸಂಜೆ ಟೈಲರಮ್ಮ ಭಾವನ ಮುಂದೆ ನಿಂತು, "ನಿಮ್ಮ ಕೈಯಲ್ಲಿ ಏನೋ ಇದೆ ಬಿಡಿ" ಎಂದು ಹೊಗಳಿ ಹೋದಳು. ಭಾವ ಹಿಗ್ಗಿ ಹೀರೇಕಾಯಿಯಾದರು.

ಅವತ್ತಿನಿಂದ ಅದೇ ರೂಢಿಯಾಯಿತು. ರಜೆಯ ದಿನ ಭಾವ ಕೀಳುವುದು, ಮರುದಿನ ಅಕ್ಕ ಅಂಟಿಸುವುದು. ಬೀದಿಗೆಲ್ಲ ಗೊತ್ತು, ಭಾವನೊಬ್ಬರನ್ನು ಬಿಟ್ಟು. ಹೆಡ್‌ಫೋನ್ ಇಸಿದುಕೊಳ್ಳಲು ಬಂದವರೆಲ್ಲ ಬಾಗಿಲಲ್ಲಿ ನಿಂತು ಅಕ್ಕನಿಗೆ ಕಣ್ಣು ಮಿಟುಕಿಸುವರು, ಒಳಗೆ ಕೂತ ಭಾವನನ್ನು ಹೊಗಳಿ ಅಟ್ಟಕ್ಕೇರಿಸುವರು, ಬೀದಿಯ ತಿರುವು ದಾಟಿದ ಮೇಲೆ ಹೊಟ್ಟೆ ಹಿಡಿದು ನಗುವರು. ನನಗೆ ಅದು ಸರಿಬರಲಿಲ್ಲ.

"ಹೇಳಿಬಿಡಕ್ಕ" ಎಂದೆ.

"ಹೇಳಿದ್ರೆ ಬಿಟ್ಟುಬಿಡ್ತಾರೆ. ಬಿಟ್ರೆ ರಜೆಯೆಲ್ಲ ನನ್ನ ಹಿಂದೆ ಸುತ್ತಿ ತಲೆ ತಿಂತಾರೆ. ಸುಮ್ಮನೆ ಆಡ್ತಿರೋ ಮಗು ಕೈಯಿಂದ ಯಾರಾದ್ರೂ ಗಿಲಕಿ ಕಿತ್ಕೋತಾರಾ?" ಎಂದು ಅಕ್ಕ ನಕ್ಕಳು.

ಮುಖ್ಯರಸ್ತೆಯ ಮೊಬೈಲ್ ಅಂಗಡಿಯವನ ಕಿವಿಗೂ ಸುದ್ದಿ ಬಿತ್ತು. ಎರಡು ಹೆಡ್‌ಫೋನ್ ಕಳಿಸಿ ನೋಡಿದ. ಅವೂ ಅಕ್ಕನ ಕೈ ದಾಟಿಯೇ ಹಿಂತಿರುಗಿದವು. ಅವನು ಮೆಚ್ಚಿ ಹೇಳಿಕಳಿಸಿದ: ಅಂಗಡಿಯಲ್ಲಿ ರಿಪೇರಿಯವನ ಕುರ್ಚಿ ಖಾಲಿ ಇದೆ, ಬಂದು ನನ್ನ ಕಣ್ಣೆದುರಿಗೆ ಒಂದು ಮಾಡಿ ತೋರಿಸಲಿ, ಸರಿಹೋದರೆ ಪ್ರೆಸ್ಸು ಬಿಟ್ಟು ಇಲ್ಲೇ ಕೂರಲಿ.

ಭಾವ ಕುಣಿಯುವುದೊಂದು ಬಾಕಿ. ನಿಂತು ನಿಂತು ಅವರ ಕಾಲಿನ ನರಗಳೆಲ್ಲ ಗಂಟುಗಟ್ಟಿದ್ದವು. "ಕೂತು ಮಾಡೋ ಕೆಲಸ ಕಣೇ. ಅದೂ ಮನಸ್ಸಿಗೆ ಹಿಡಿಸಿದ್ದು. ಇನ್ನೇನು ಬೇಕು?" ಎಂದು ಅಕ್ಕನಿಗೆ ಹೇಳಿದ್ದನ್ನೇ ಹೇಳಿದರು. "ಮನೇಲೇ ಮಾಡಿ ಕಳಿಸೋಣ ರೀ, ಅಲ್ಲಿ ಎಲ್ಲರ ಎದುರು ಕೈ ನಡುಗೀತು" ಎಂದಳು ಅಕ್ಕ. ಅವರು ಕೇಳಲಿಲ್ಲ. ಆಗಲಾದರೂ ನಿಜ ಹೇಳಬಹುದಿತ್ತು, ಹೇಳಲಿಲ್ಲ. ಏನಾಗುತ್ತೋ ನೋಡೇಬಿಡೋಣ ಎಂಬ ಆಸೆ ಅವಳ ಮುಖದ ಮೇಲೇ ಕುಣಿಯುತ್ತಿತ್ತು. ಅದನ್ನು ಕಂಡು ನಾನೂ ಜೊತೆಗೆ ಹೊರಟೆ.

ಅಂಗಡಿಯಲ್ಲಿ ಭಾವನ ಕೈ ನಡುಗಲಿಲ್ಲ. ಪಟ್ಟಿ ಹಿಗ್ಗಿಸಿದರು, ಪ್ಯಾಡು ಹೊಲಿದರು, ಬಿಲ್ಲೆ ಎಬ್ಬಿಸಿ ಕಸಕ್ಕೆ ಹಾಕಿದರು. ಅಂಗಡಿಯವನು ಪ್ಯಾಡು ಒತ್ತಿ, "ಬೆಣ್ಣೆ ಕಣ್ರೀ" ಎಂದ. ತಲೆಗೆ ಹಾಕಿ ಹಾಡು ಹಚ್ಚಿದವನು ಮರುಕ್ಷಣವೇ ಕಿತ್ತು ಕೆಳಗಿಟ್ಟ.

"ಏನ್ರೀ ಇದು, ತಗಡು ಕೆರೆದ ಹಾಗಿದೆ."

ಭಾವ ತಾವು ಹಾಕಿ ಕೇಳಿದರು. "ಸ್ವಚ್ಛವಾಗಿದೆಯಲ್ಲ. ಇನ್ನೊಂದು ಸಲ ಕೇಳಿ ನೋಡಿ."

ಅಂಗಡಿಯವನು ಅವರನ್ನೇ ನೋಡಿದ. ತನ್ನ ಮೊಬೈಲು ತೆಗೆದು, "ಒಂದು ಸಿಳ್ಳೆ ಹಾಕ್ತೀನಿ, ಕೇಳಿಸಿದ ತಕ್ಷಣ ಕೈ ಎತ್ತಿ" ಎಂದ. ತೆಳ್ಳಗಿನ, ಹಲ್ಲು ಜುಮ್ಮೆನ್ನಿಸುವ ಸಿಳ್ಳೆ. ನಾನು ಕಿವಿ ಮುಚ್ಚಿಕೊಂಡೆ. ಅಲ್ಲಿದ್ದ ಗಿರಾಕಿಯೊಬ್ಬ ಬೈಯುತ್ತಾ ತಿರುಗಿ ನೋಡಿದ. ಭಾವ ಮಾತ್ರ ತಲೆ ವಾರೆ ಮಾಡಿ, ನಗುಮುಖದಿಂದ ಕಾಯುತ್ತಾ ನಿಂತಿದ್ದರು.

"ಹಾಕಿ ಹಾಕಿ, ನಾನು ರೆಡಿ" ಎಂದರು.

ಗಿರಾಕಿ ಕಿಸಕ್ಕನೆ ನಕ್ಕ. ಅಕ್ಕನೂ ನಕ್ಕಳು. ಅಂಗಡಿಯವನು ಸಿಳ್ಳೆ ನಿಲ್ಲಿಸಿ ಕೇಳಿದ: "ಕಾರ್ಖಾನೆಯಲ್ಲಿ ಗದ್ದಲ ತಡೆಯೋಕೆ ಕಿವಿಗೆ ಅಂತ ಏನೂ ಕೊಡಲ್ವಾ ನಿಮಗೆ?"

"ಯಾಕೆ ಕೊಡಲ್ಲ? ಕಿವಿಯೊಳಗೆ ಇಟ್ಕೊಳ್ಳೋ ಸ್ಪಂಜು, ಪೊಟ್ಟಣಗಟ್ಟಲೆ ಕೊಡ್ತಾರೆ" ಎಂದರು ಭಾವ. ಹೆಮ್ಮೆಯಿಂದ ಪ್ಯಾಡನ್ನು ಬೆರಳಲ್ಲಿ ಒತ್ತಿ ತೋರಿಸಿದರು. "ಒಂದನ್ನೂ ಹಾಳು ಮಾಡಿಲ್ಲ. ಎಲ್ಲಾ ಕತ್ತರಿಸಿ ಇದರೊಳಗೇ ತುಂಬಿದೀನಿ."

ಈಗ ಯಾರೂ ನಗಲಿಲ್ಲ. ಅಕ್ಕ ಕಸದಿಂದ ಬಿಲ್ಲೆಗಳನ್ನು ಹೆಕ್ಕಿ, ಪ್ಯಾಡು ಸಡಿಲಿಸಿ, ಅಂಟು ಹಚ್ಚಿ ಕೂರಿಸಿದಳು. ಅವಳ ಬೆರಳಿಗೆ ಹುಡುಕಾಟವೇ ಇರಲಿಲ್ಲ. ಅಂಗಡಿಯವನು ಹಾಕಿ ನೋಡಿ, "ಹಾಂ, ಇದೇ. ಮೊದಲಿನ ಎರಡರಲ್ಲೂ ಹೀಗೇ ಇತ್ತು" ಎಂದ.

ಭಾವ ಅವಳ ಕೈಯನ್ನೇ ನೋಡುತ್ತಿದ್ದರು. "ಎಷ್ಟು ಸಲ ಹೀಗೆ ಮಾಡಿದೀಯ?" ಎಂದು ಕೇಳಿದರು.

"ಎಲ್ಲಾ ಸಲ."

"ಟೈಲರಮ್ಮಂದೂ?"

"ಅವಳದ್ದರಿಂದಲೇ ಶುರು."

ಭಾವ ಒಬ್ಬೊಬ್ಬರನ್ನೇ ನೆನೆಸಿಕೊಳ್ಳುತ್ತಿರುವುದು, ಅವರವರ ಹೊಗಳಿಕೆಯನ್ನು ಒಂದೊಂದಾಗಿ ಕಳೆದುಕೊಳ್ಳುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಅಂಗಡಿಯವನಿಗೆ ಅದೆಲ್ಲ ಯಾಕೆ? ವ್ಯಾಪಾರದವನು. "ಹಾಗಾದ್ರೆ ನೀವೇ ಬನ್ನಿ ತಾಯಿ. ಪ್ಯಾಡು ಬೇಕಾದ್ರೆ ಇವರು ಮನೇಲಿ ಹೊಲಿದು ಕೊಡ್ಲಿ" ಎಂದು ಅಕ್ಕನಿಗೆ ಹೇಳಿದ. ಗಂಡನ ಕಡೆ ಒಮ್ಮೆ ತಿರುಗಿ ನೋಡುತ್ತಾಳೇನೋ ಎಂದುಕೊಂಡೆ. ಅಕ್ಕ ನೋಡಿದ್ದು ಕುರ್ಚಿಯನ್ನು.

"ಬೆಳಿಗ್ಗೆ ಎಷ್ಟು ಹೊತ್ತಿಗೆ ಬರ್ಬೇಕು?" ಎಂದು ಕೇಳಿದಳು.

ಈಗ ಅಕ್ಕ ಅಂಗಡಿಯಲ್ಲಿ ಕೂರುತ್ತಾಳೆ, ಭಾವ ಪ್ರೆಸ್ಸಿನ ಮುಂದೆ ನಿಲ್ಲುತ್ತಾರೆ. ಸಂಜೆ ಬಂದು ಅವಳು ತಂದ ರಾಶಿಗೆ ಪ್ಯಾಡು ಹೊಲಿಯುತ್ತಾರೆ. ಹಾಡು ಹಚ್ಚಿ ಕೇಳುವುದಿಲ್ಲ. ಒಮ್ಮೆ ಮರೆತು ಕಿವಿಗಿಟ್ಟುಕೊಂಡಾಗ, "ನಿಮಗ್ಯಾಕೆ ಅದು, ಕೈ ಇದ್ರೆ ಸಾಕು" ಎಂದು ಅಕ್ಕ ತೆಗೆದಿಟ್ಟಳು.

ವ್ಯಾಪಾರ ಕುದುರಿತು. ಸ್ಪಂಜು ಸಾಲದೆ ಬಂತು. "ಇನ್ನಷ್ಟು ತನ್ನಿ ರೀ, ಗಿರಾಕಿಗಳು ಅದನ್ನೇ ಕೇಳ್ತಾರೆ" ಎಂದಳು ಅಕ್ಕ. ನನಗೆ ತಡೆಯಲಾಗದೆ, "ಇನ್ನಾದ್ರೂ ನಿಮಗೆ ಕೊಟ್ಟಿದ್ದನ್ನ ನೀವು ಕಿವಿಗೆ ಇಟ್ಕೊಳ್ಳಿ ಭಾವ" ಎಂದೆ.

"ಇಟ್ಕೊಂಡು?" ಎಂದರು ಭಾವ.

ಮಾರನೇ ಸಂಜೆ ಮೇಜಿನ ಮೇಲೆ ಸ್ಪಂಜಿನ ಎರಡು ಪೊಟ್ಟಣ ಇಟ್ಟರು. ಇನ್ನೊಂದು ಯಾರದು ಎಂದು ನಾನು ಕೇಳಿದೆ.

"ಪಕ್ಕದ ಪ್ರೆಸ್ಸಿನವನದ್ದು. ಹೊಸದಾಗಿ ಸೇರಿದಾನೆ. ಅವನ ಕಿವಿ ಚೆನ್ನಾಗಿದೆಯಂತೆ. ಬೇಡ ಅಂದ."

ಅಕ್ಕ ಪೊಟ್ಟಣ ಒತ್ತಿ ನೋಡಿ, ಮೆತ್ತಗಿದೆ ಎಂದಳು.