ತೂಕದ ತಪ್ಪು ಹಿಡಿದ ಪರ್ವೀನ್

ಬೆಳಗಿನ ಆರು ಗಂಟೆ. ಬಳ್ಳಾರಿಯ ಕೌಲ್‌ಬಜಾರಿನ ಇಂಟರ್‌ನೆಟ್ ಸೆಂಟರಿನ ಶಟರ್ ಎತ್ತಿ ಪರ್ವೀನ್ ಮೊದಲು ಕೀಬೋರ್ಡುಗಳ ಮೇಲಿನ ಕೆಂಪು ಧೂಳು ಒರೆಸುತ್ತಾರೆ. ಅದಿರಿಗೆ ಬಂಗಾರದ ಬೆಲೆ ಬಂದ ಈ ವರ್ಷಗಳಲ್ಲಿ ಲಾರಿಗಳ ಧೂಳು ಮುಚ್ಚಿದ ಬಾಗಿಲೊಳಗೂ ಬಂದು ಕೂರುತ್ತದೆ. ಆಮೇಲೆ ನೆಟ್‌ನಿಂದ ಒಂದು ಪಾಡ್‌ಕಾಸ್ಟ್, ಅಂದರೆ ರೇಡಿಯೊದಂಥ ಮಾತಿನ ಕಾರ್ಯಕ್ರಮ, ಇಳಿಸಲು ಹಚ್ಚುತ್ತಾರೆ. ಗಿರಾಕಿಗಳು ಬರುವ ಮುಂಚೆ ನೆಟ್ ತುಸು ಚುರುಕು.

ದೂರದೇಶದಲ್ಲಿ ಸಾಫ್ಟ್‌ವೇರ್ ಬರೆಯುವವರು ತಮ್ಮ ಕೆಲಸದ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುವ ಅರ್ಧ ಗಂಟೆ ಅದು. ಪರ್ವೀನ್‌ಗೆ ಕೇಳಿ ಮುಗಿಸಲು ನಾಲ್ಕು ಬೆಳಗು ಬೇಕು. ಓದಿದ್ದು ಪಿಯುಸಿ, ಕನ್ನಡ ಮಾಧ್ಯಮ. ಹಾಸಿಗೆ ಹೊಲಿಯುತ್ತಿದ್ದ ತಂದೆ ಖಾದರಸಾಬರ ಕಣ್ಣು ಮಂಜಾದಾಗ ಓದು ಬಿಟ್ಟು ಇಲ್ಲಿ ಕೆಲಸಕ್ಕೆ ಸೇರಿ, ಬಿಡುವಿನಲ್ಲೇ ಪ್ರೋಗ್ರಾಮ್ ಬರೆಯಲು ಕಲಿತರು.

"ಮೊದ್ಲ ಅವರು ನಗೂದೊಂದ ತಿಳೀತಿತ್ತರಿ," ಎನ್ನುತ್ತಾರೆ. "ಯಾಕ ನಕ್ಕರು ಅಂತ ತಿಳಿಯಾಕ ವರ್ಷ ಹಿಡೀತು."

ಕೇಳಿದ್ದನ್ನು, ಬ್ಲಾಗುಗಳಲ್ಲಿ ಓದಿದ್ದನ್ನು ಕನ್ನಡದಲ್ಲಿ ಎರಡು ಪುಟಕ್ಕಿಳಿಸಿ ಪ್ರತಿ ಭಾನುವಾರ ಹನ್ನೊಂದು ಜನರಿಗೆ ವಿವರಿಸುತ್ತಾರೆ. ಸಿರುಗುಪ್ಪದ ಅಕ್ಕಿ ಗಿರಣಿ, ಲಾರಿ ತೂಗುವ ಕುರುಗೋಡಿನ ವೇಬ್ರಿಡ್ಜ್, ಇಂಥ ಕಡೆ ಕಂಪ್ಯೂಟರ್ ಮುಂದೆ ಕೂರುವವರು ಅವರೆಲ್ಲ. ಬರಲಾಗದವರಿಗೆ ಬಸ್ ಕಂಡಕ್ಟರ್ ಕೈಲಿ ಆ ಪುಟಗಳ ಸಿ.ಡಿ. ಹೋಗುತ್ತದೆ.

ಹೋದ ಚಳಿಗಾಲದಲ್ಲಿ ಈ ಗುಂಪಿನ ಸುಂಕಣ್ಣನವರ ಕೆಲಸಕ್ಕೆ ಕುತ್ತು ಬಂತು. ಕುರುಗೋಡು ರಸ್ತೆಯ ವೇಬ್ರಿಡ್ಜಿನಲ್ಲಿ ದಿನಕ್ಕೆ ಇನ್ನೂರು ಲಾರಿ ತೂಗುವವರು ಅವರು. ಅಲ್ಲಿನ ತೂಕಕ್ಕೂ ಅದಿರು ಇಳಿಸುವ ಕಡೆಯ ತೂಕಕ್ಕೂ ತಾಳೆಯಾಗುತ್ತಿರಲಿಲ್ಲ. ಒಮ್ಮೆ ಎರಡು ಕ್ವಿಂಟಲ್ ಹೆಚ್ಚು, ಒಮ್ಮೆ ಕಡಿಮೆ. ಡ್ರೈವರುಗಳ ಜೊತೆ ಸುಂಕಣ್ಣ ಸೇರಿಕೊಂಡಿದ್ದಾರೆಂದು ನಂಬಿದ ಮಾಲೀಕ ವಿರೂಪಾಕ್ಷಪ್ಪ, ಸೋಮವಾರದಿಂದ ಬರಬೇಡ ಎಂದುಬಿಟ್ಟರು.

ಭಾನುವಾರ ಅದನ್ನು ಹೇಳಿ ಸುಂಕಣ್ಣ ತಲೆ ತಗ್ಗಿಸಿ ಕೂತರು. ಪರ್ವೀನ್‌ಗೆ ಹಿಂದೆ ಓದಿದ್ದ ಬ್ಲಾಗೊಂದು ನೆನಪಾಯಿತು. ತೂಕದ ಯಂತ್ರ ಕಂಪ್ಯೂಟರಿಗೆ ಕ್ಷಣಕ್ಷಣಕ್ಕೂ ಅಂಕಿ ಕಳಿಸುತ್ತಲೇ ಇರುತ್ತದೆ. ಲಾರಿಯ ಅಲುಗಾಟ ನಿಲ್ಲುವ ಮುಂಚೆಯೇ ಪ್ರೋಗ್ರಾಮ್ ಅಂಕಿ ಹಿಡಿದರೆ ಲೆಕ್ಕ ತಪ್ಪುತ್ತದೆ.

ಅವತ್ತೇ ಮಧ್ಯಾಹ್ನ ಇಬ್ಬರೂ ಕುರುಗೋಡು ಬಸ್ ಹತ್ತಿದರು. ವಿರೂಪಾಕ್ಷಪ್ಪನವರ ಎದುರು ಪ್ರತಿ ಲಾರಿಯನ್ನೂ ನಿಂತ ಕೂಡಲೇ ಒಮ್ಮೆ, ಅಲುಗಾಟ ನಿಂತ ಮೇಲೆ ಒಮ್ಮೆ ತೂಗಿ ತೋರಿಸಿದರು. ಹತ್ತರಲ್ಲಿ ಏಳಕ್ಕೆ ಎರಡು ಬೇರೆ ಅಂಕಿ. ಹನ್ನೊಂದನೆಯ ಲಾರಿಗೆ ವಿರೂಪಾಕ್ಷಪ್ಪ ತಾವೇ ತೂಕ ಹಿಡಿಯುವ ಗುಂಡಿ ಒತ್ತಿದರು. ಅದೂ ತಪ್ಪಿತು.

"ಹಂಗಾದ್ರ ನಾನೂ ಕಳ್ಳನ ಆದ್ನಲ್ಲವ್ವಾ," ಎಂದರು ವಿರೂಪಾಕ್ಷಪ್ಪ. ನಾಳೆ ಹೊತ್ತಿಗೆ ಸರಿಯಾಗಿ ಬಾ ಎಂದು ಸುಂಕಣ್ಣನವರಿಗೆ ಹೇಳಿದರು.

ಪ್ರೋಗ್ರಾಮ್ ಮಾರಿದ್ದ ಕಂಪನಿಗೆ ಪರ್ವೀನ್ ತಪ್ಪೆಲ್ಲಿದೆ, ಹೇಗೆ ತಿದ್ದಬೇಕು ಎಂದು ಬರೆದು ಕಳಿಸಿದರು. ಉತ್ತರ ಬರಲಿಲ್ಲ. ತಿಂಗಳ ಮೇಲೆ ತಿದ್ದಿದ ಪ್ರೋಗ್ರಾಮ್ ಬಂತು, ಕಂಪನಿಯ ಹೆಸರಿನಲ್ಲಿ; ಪರ್ವೀನ್ ಹೆಸರು ಎಲ್ಲೂ ಇರಲಿಲ್ಲ. ಈಗ ತೂಕ ನೆಲೆ ನಿಲ್ಲುವವರೆಗೆ ಕಂಪ್ಯೂಟರ್ ಕಾಯುತ್ತದೆ.

ಬೇಸರವಿಲ್ಲವೇ ಎಂದರೆ ಪರ್ವೀನ್ ಹೆಡ್‌ಫೋನನ್ನು ಕೊರಳಿಗಿಳಿಸುತ್ತಾರೆ.

"ಹೆಸರು ಅವರದ ಇರ್ಲಿ ಬಿಡ್ರಿ. ಗುಂಡಿ ಒತ್ತಿದ ಮ್ಯಾಲ ಒಂದೀಟು ತಡದು ತೂಕ ಹಿಡೀತೈತಲ್ಲ, ಆ ತಡಿಯೂದು ನಂದು."